ಶಾಲೆ ತೆರೆದ ಮೇಲಿನ ಮಾತುಕತೆ: ಒಂದು ಸಮಾಲೋಚನಾ ಸೇವೆಯ ವಿಮರ್ಶೆ

ಸಾಂಕ್ರಾಮಿಕದ ನಂತರ ಶಾಲೆಗಳು ಮತ್ತೆ ತೆರೆದ ವರ್ಷ, ನಮ್ಮ ಪೋಷಕರ ಸಮಿತಿಯ ಸಭೆಗಳೆಲ್ಲವೂ ಒಂದೇ ವಾದದಲ್ಲಿ ಮುಗಿಯುತ್ತಿದ್ದವು: ಬಾಕಿ ಉಳಿದ ಪಾಠಗಳನ್ನು ರಜೆಯಲ್ಲಾದರೂ ಮುಗಿಸಬೇಕೇ, ಬಿಟ್ಟು ಮುಂದಕ್ಕೆ ಹೋಗಬೇಕೇ? ಗಟ್ಟಿ ದನಿಯ ಐದಾರು ಮಂದಿಯ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವೆಂದು ನಡಾವಳಿಯಲ್ಲಿ ದಾಖಲಾಗುತ್ತಿತ್ತು. ಇದರಿಂದ ಬೇಸತ್ತು, ಸಮುದಾಯ ಸಮಾಲೋಚನೆಗಳನ್ನು ನಡೆಸಿಕೊಡುವ ಸಂಸ್ಥೆಯೊಂದರ ಸೇವೆಯನ್ನು ಮೂರು ದಿನಗಳ ಮಟ್ಟಿಗೆ ಪಡೆದೆವು. ಮೂರೂ ದಿನ ಕುಳಿತಿದ್ದ ಪೋಷಕಿಯಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಸದಸ್ಯರ ಆಯ್ಕೆ. ಬಂದವರನ್ನೆಲ್ಲ ಕೂರಿಸುವ ಬದಲು, ತರಗತಿ, ಮನೆಯ ಆದಾಯ ಮತ್ತು ಪೋಷಕರ ಓದಿನ ಮಟ್ಟವನ್ನು ಗಮನದಲ್ಲಿಟ್ಟು ಚೀಟಿ ಎತ್ತಿ ಮೂವತ್ತು ಮಂದಿಯನ್ನು ಆರಿಸಿದರು. ಸಾರ್ವಜನಿಕ ವಿಷಯಗಳನ್ನು ಚರ್ಚಿಸಿ ಶಿಫಾರಸು ಮಾಡಲು ಐರ್ಲೆಂಡಿನಲ್ಲಿ 2016ರಲ್ಲಿ ರಚನೆಯಾದ ನಾಗರಿಕರ ಸಭೆಗೆ 99 ಸಾಮಾನ್ಯ ನಾಗರಿಕರನ್ನು ಆರಿಸಿದ ಕ್ರಮದ ಚಿಕ್ಕ ರೂಪವಿದು. ಎಂದೂ ಸಭೆಗೆ ಬಾರದಿದ್ದ, ಶಾಲೆ ಮುಚ್ಚಿದ್ದಾಗ ಒಂದೇ ಫೋನನ್ನು ಮೂವರು ಮಕ್ಕಳಿಗೆ ಸರದಿಯಲ್ಲಿ ಕೊಟ್ಟಿದ್ದ ತಾಯಿಯೊಬ್ಬರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಅವರು ಮಾತನಾಡಲು ಆರಂಭಿಸಿದಾಗ ಇಡೀ ಮೇಜು ಸುಮ್ಮನಾಯಿತು.

ಮೊದಲ ದಿನ ಸಂಯೋಜಕರು ನಮ್ಮ ಮುಂದಿಟ್ಟ ಅಂಕಿಅಂಶಗಳು ಹೆಚ್ಚಿರಲಿಲ್ಲ. 2020ರ ಏಪ್ರಿಲ್ ವೇಳೆಗೆ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಶಾಲೆಯಿಂದ ಹೊರಗುಳಿದಿದ್ದರು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ಸರಳ ಬರಹವನ್ನೂ ಓದಿ ಅರ್ಥಮಾಡಿಕೊಳ್ಳಲಾಗದ 10 ವರ್ಷದ ಮಕ್ಕಳ ಪ್ರಮಾಣ ಶೇ. 57ರಿಂದ ಶೇ. 70ಕ್ಕೆ ಏರಿರಬಹುದೆಂದು ವಿಶ್ವಬ್ಯಾಂಕ್, ಯುನಿಸೆಫ್ ಮೊದಲಾದ ಸಂಸ್ಥೆಗಳು 2022ರಲ್ಲಿ ಅಂದಾಜಿಸಿದ್ದವು. ಆ ಬಳಿಕ ಸಂಯೋಜಕರು ಕೇಳಿದ ಪ್ರಶ್ನೆ ಒಂದೇ: ನಮ್ಮ ಮಕ್ಕಳಲ್ಲಿ ಯಾರು ಎಲ್ಲಿ ನಿಂತಿದ್ದಾರೆಂಬುದು ನಮಗೆ ಗೊತ್ತಿದೆಯೇ? ಗೊತ್ತಿರಲಿಲ್ಲ. ಎರಡನೆಯ ದಿನದೊಳಗೆ ಶಿಕ್ಷಕರು ಪ್ರತಿ ಮಗುವಿಗೂ ಒಂದು ಪುಟದ ಓದು ಮತ್ತು ಕೆಲವು ಲೆಕ್ಕಗಳನ್ನು ಕೊಟ್ಟು ಪರೀಕ್ಷಿಸಿ ಬಂದರು. ಐದನೆಯ ತರಗತಿಯ ಹಲವರು ಎರಡನೆಯ ತರಗತಿಯ ಪಾಠದಲ್ಲೇ ತಡವರಿಸುತ್ತಿದ್ದರು. ಪಾಠ ಮುಗಿಸುವ ವಾದ ಅಲ್ಲಿಗೆ ತಾನಾಗಿಯೇ ಬಿದ್ದುಹೋಯಿತು. ವಯಸ್ಸಿನ ಬದಲು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ದಿನಕ್ಕೊಂದು ಗಂಟೆ ಓದು ಮತ್ತು ಗಣಿತವನ್ನಷ್ಟೇ ಕಲಿಸಬೇಕೆಂಬ ತೀರ್ಮಾನವನ್ನು, ಮೊದಲು ಅತ್ಯಂತ ಕಟುವಾಗಿ ವಿರೋಧಿಸಿದ್ದವರೇ ಕರಡು ರೂಪದಲ್ಲಿ ಬರೆದುಕೊಟ್ಟರು.

ಇಷ್ಟಾದರೂ ಸೇವೆಗೆ ಪೂರ್ಣ ಅಂಕ ಕೊಡಲಾರೆ. ಓದಲು ಬಾರದ ಪೋಷಕರನ್ನು ಉದ್ದೇಶಪೂರ್ವಕವಾಗಿ ಆರಿಸಿ, ಅವರ ಕೈಗೆ ದಪ್ಪ ಮಾಹಿತಿ ಕಡತವನ್ನು ಕೊಟ್ಟದ್ದು ಅಕ್ಷಮ್ಯ. ಅದನ್ನು ಓದಿ ಹೇಳುವವರನ್ನು ನಾವು ಕೇಳಿದ ಮೇಲಷ್ಟೇ ಒದಗಿಸಿದರು. ಮಕ್ಕಳನ್ನು ಕರೆದದ್ದು ಮೂರನೆಯ ದಿನದ ಮಧ್ಯಾಹ್ನ, ತೀರ್ಮಾನಗಳು ಬಹುಪಾಲು ಸಿದ್ಧವಾದ ಮೇಲೆ. ಗೆಳೆಯರೊಂದಿಗೆ ಮಾತನಾಡುವುದೇ ಮರೆತುಹೋಗಿದೆ ಎಂದು ಹುಡುಗಿಯೊಬ್ಬಳು ಹೇಳಿದ್ದನ್ನು ಕೇಳಿಸಿಕೊಂಡೆವು, ಆದರೆ ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಮಾಡಲು ಸಮಯ ಉಳಿದಿರಲಿಲ್ಲ. ಆ ಮಾತು ಮೊದಲ ದಿನವೇ ಕೇಳಿಬಂದಿದ್ದರೆ ನಮ್ಮ ಯೋಜನೆ ಬೇರೆಯಾಗಿರುತ್ತಿತ್ತು ಎಂಬ ನೋವು ಇನ್ನೂ ನನ್ನಲ್ಲಿದೆ. ವರದಿ ಕೊಟ್ಟ ನಂತರ ಸಂಸ್ಥೆಯವರು ತಿರುಗಿ ನೋಡಲಿಲ್ಲ. ಆರು ತಿಂಗಳ ನಂತರ ಮಕ್ಕಳ ಮರುಪರೀಕ್ಷೆಯನ್ನು ಶಿಕ್ಷಕರೇ ನಡೆಸಿದರು.

ಇಂಥ ಸೇವೆಯನ್ನು ಪಡೆಯಲಿರುವ ಸಮಿತಿಗಳು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೂರು ವಿಷಯಗಳನ್ನು ಬರೆಸಿಕೊಳ್ಳಬೇಕು: ಮಕ್ಕಳ ಮಾತಿಗೆ ಮೊದಲ ದಿನದಲ್ಲೇ ಸಮಯ, ಎಲ್ಲ ಮಾಹಿತಿಯನ್ನೂ ಬಾಯಿಮಾತಿನಲ್ಲಿ ವಿವರಿಸುವ ವ್ಯವಸ್ಥೆ ಮತ್ತು ಆರು ತಿಂಗಳ ನಂತರ ಅದೇ ಸದಸ್ಯರ ಇನ್ನೊಂದು ಸಭೆ.