ಮನೆಯಲ್ಲೇ ಬೆರೆಸಿದ ಮುಖದ ಎಣ್ಣೆ: ಬಾಟಲಿ ಅರ್ಧವಾದ ಮೇಲಿನ ಮಾತು

ಹೊಸದಾಗಿ ಬೆರೆಸಿದ ಮುಖದ ಎಣ್ಣೆ ಮೊದಲ ವಾರ ಎಲ್ಲರಿಗೂ ಹಿಡಿಸುತ್ತದೆ. ಅದರ ನಿಜವಾದ ಗುಣ ತಿಳಿಯುವುದು ಬಾಟಲಿ ಅರ್ಧವಾದ ಮೇಲೆ. ಉಳಿದರ್ಧ ತುಂಬಿಕೊಳ್ಳುವುದು ಗಾಳಿ, ಎಣ್ಣೆಯನ್ನು ಕೆಡಿಸುವುದೂ ಅದೇ. ಹಾಗಾಗಿ ಒಂದು ಸಲಕ್ಕೆ 15 ಮಿ.ಲೀ. ಸಾಕು. ರಾತ್ರಿ ಮೂರು ಹನಿಯಂತೆ ಹಚ್ಚಿದರೆ ಮೂರ್ನಾಲ್ಕು ತಿಂಗಳು ಬರುತ್ತದೆ.

ಅಳತೆ ಇಷ್ಟೇ: ಜೊಜೊಬಾ (ಮರುಭೂಮಿಯ ಗಿಡವೊಂದರ ಬೀಜದ ಎಣ್ಣೆ) 11 ಮಿ.ಲೀ., ರೋಸ್‌ಹಿಪ್ (ಕಾಡು ಗುಲಾಬಿಯ ಹಣ್ಣು) ಬೀಜದ ಎಣ್ಣೆ 4 ಮಿ.ಲೀ., ವಿಟಮಿನ್ ಇ ಎಣ್ಣೆ ಎರಡು ಹನಿ, ಲ್ಯಾವೆಂಡರ್ ಮತ್ತು ಜೆರೇನಿಯಂ ಎಸೆನ್ಶಿಯಲ್ ಆಯಿಲ್ (ಗಿಡಗಳಿಂದ ತೆಗೆದ ಗಾಢ ಪರಿಮಳದ ಎಣ್ಣೆ) ತಲಾ ಒಂದು ಹನಿ. ಪೂರ್ತಿ ಒಣಗಿದ ಕಂದು ಗಾಜಿನ ಬಾಟಲಿಗೆ ಹಾಕಿ, ಅಂಗೈಗಳ ನಡುವೆ ಉರುಳಿಸಿದರೆ ಬೆರೆಯುತ್ತದೆ. ಬಿಸಿ ಮಾಡುವ ಅಗತ್ಯವಿಲ್ಲ.

ಜೊಜೊಬಾ ಹೆಸರಿಗಷ್ಟೇ ಎಣ್ಣೆ, ರಾಸಾಯನಿಕವಾಗಿ ಅದು ದ್ರವರೂಪದ ಮೇಣ. ಬೇಗ ಕಮಟುವುದಿಲ್ಲ. ರೋಸ್‌ಹಿಪ್ ಹಗುರ, ಜಿಡ್ಡು ಕಡಿಮೆ, ಆದರೆ ಅದರ ಕೊಬ್ಬಿನಾಮ್ಲಗಳು ಗಾಳಿಗೆ ಬೇಗ ಸೋಲುತ್ತವೆ. ಬರೀ ರೋಸ್‌ಹಿಪ್ ತುಂಬಿಟ್ಟರೆ ಕೆಲವೇ ತಿಂಗಳಲ್ಲಿ ಹಳೆ ಪೇಂಟಿನ ವಾಸನೆ ಬಂದೀತು. ವಿಟಮಿನ್ ಇ ಈ ಕಮಟುವಿಕೆಯನ್ನು ಒಂದಿಷ್ಟು ಮುಂದೂಡುತ್ತದೆ. ಸೂಕ್ಷ್ಮಾಣುಗಳನ್ನು ಅದು ತಡೆಯುವುದಿಲ್ಲ. ಅಲೋವೆರಾ ಜೆಲ್, ರೋಸ್ ವಾಟರ್ ಬೆರೆಸಿದರೆ ನೀರು ತಳಕ್ಕಿಳಿದು ಅಲ್ಲೇ ಕೆಡಲು ಶುರುವಾಗುತ್ತದೆ. ಡ್ರಾಪರ್ ತುದಿ ಒದ್ದೆ ಅಂಗೈಗೆ ತಾಗಿದರೂ ಅದೇ ಪಾಡು.

ಜನ ಹೆಚ್ಚಾಗಿ ಎಡವುವುದು ಎಸೆನ್ಶಿಯಲ್ ಆಯಿಲ್‌ನಲ್ಲಿ. ಮುಖಕ್ಕೆ ಶೇ. 0.5 ಸಾಕು, ಶೇ. 1 ಮೀರಬಾರದು. ಎರಡು ಹನಿಗೆ ವಾಸನೆ ಅಷ್ಟಕ್ಕಷ್ಟೇ ಎನಿಸಿ ಹತ್ತು ಹನಿ ಸುರಿದರೆ ಶೇ. 2 ದಾಟಿಬಿಡುತ್ತದೆ. ಹನಿಯ ಗಾತ್ರವೂ ಬಾಟಲಿಯ ಬಾಯಿಗೆ ತಕ್ಕಂತೆ ಬದಲಾಗುವುದರಿಂದ 1 ಮಿ.ಲೀ. ಸಿರಿಂಜ್‌ನಲ್ಲಿ ಎರಡೂ ಸೇರಿ 0.07 ಮಿ.ಲೀ. ಅಳೆದು ಹಾಕುವುದೇ ಸರಿ. ದಾಲ್ಚಿನ್ನಿ, ಲವಂಗದ ಎಣ್ಣೆ ಮುಖದ ಹತ್ತಿರವೂ ಬೇಡ. ಹಿಂಡಿ ತೆಗೆದ ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು), ನಿಂಬೆ ಎಣ್ಣೆಗಳಲ್ಲಿ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವ ಫ್ಯೂರಾನೊಕೂಮರಿನ್ ಇರುತ್ತದೆ. ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಮೊಣಕೈ ಒಳಭಾಗದಲ್ಲಿ ಹಚ್ಚಿ ಎರಡು ದಿನ ಕಾಯುವುದು ಸರಿಯೇ, ಆದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳು ಹಳತಾದಂತೆ ಅಲರ್ಜಿ ತರುವ ಗುಣ ಬೆಳೆಸಿಕೊಳ್ಳುತ್ತವೆ. ತಿಂಗಳುಗಟ್ಟಲೆ ಒಗ್ಗಿದ್ದ ಎಣ್ಣೆಯೇ ಒಂದು ದಿನ ಕೆನ್ನೆ ಕೆಂಪಗಾಗಿಸಿ ತುರಿಕೆ ಹುಟ್ಟಿಸಬಹುದು. ಒಮ್ಮೆ ಹಾಗಾದರೆ ಮುಂದೆ ಅದೇ ಪರಿಮಳವಿರುವ ಶಾಂಪೂ, ಸೋಪೂ ಆಗಿಬರದೇ ಹೋಗಬಹುದು. ಹಾಗಾಗಿ ಪ್ರತಿ ಬಾಟಲಿಯ ಮೇಲೂ ಮುಚ್ಚಳ ತೆರೆದ ದಿನಾಂಕ ಬರೆದಿಡಿ. ಚರ್ಮ ಸೂಕ್ಷ್ಮವಾಗಿದ್ದರೆ ಎಸೆನ್ಶಿಯಲ್ ಆಯಿಲ್ ಪೂರ್ತಿ ಬಿಟ್ಟುಬಿಡಿ. ಮುಖ ಮೆತ್ತಗಾಗಿಸುವ ಕೆಲಸ ಜೊಜೊಬಾ ಮತ್ತು ರೋಸ್‌ಹಿಪ್‌ದೇ, ಪರಿಮಳದ್ದಲ್ಲ.

ಹಚ್ಚುವುದು ತೊಳೆದ ಮುಖದಲ್ಲಿ ತೇವ ಇನ್ನೂ ಇರುವಾಗ. ಎಣ್ಣೆ ನೀರಿನಂಶ ಕೊಡುವುದಿಲ್ಲ, ಇದ್ದದ್ದು ಆರದಂತೆ ತಡೆಯುತ್ತದೆ. ಒಣ ಮುಖಕ್ಕೆ ಹಚ್ಚಿದರೆ ಮೇಲೆ ಹೊಳಪು, ಒಳಗೆ ಬಿಗಿತ ಹಾಗೇ. ಸನ್‌ಸ್ಕ್ರೀನ್ ಬದಲಿಗೆ ಇದು ಆಗದು. ಮೊಡವೆಗೆ ಮದ್ದೂ ಅಲ್ಲ.

ಬಾಟಲಿಯನ್ನು ಅಡ್ಡ ಮಲಗಿಸಬೇಡಿ, ಡ್ರಾಪರ್‌ನ ರಬ್ಬರ್ ಅಂಟಂಟಾಗಿ ಊದಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಒಂದು ಹನಿ ಮುಂಗೈಗೆ ಉಜ್ಜಿ ಮೂಸಿ ನೋಡಿ. ಕಮಟು ವಾಸನೆಯಿದ್ದರೆ ಚೆಲ್ಲಿ, ಬಾಟಲಿಯನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಹೊಸದನ್ನು ಬೆರೆಸಿ. ತಳದ ಹಳೆ ಎಣ್ಣೆಯ ಮೇಲೆ ಹೊಸದನ್ನು ಸುರಿದರೆ ಅದೂ ಬೇಗನೆ ಕಮಟುತ್ತದೆ.