ಬೆಂಗಳೂರಿಂದ ಮಂಗಳೂರಿಗೆ: ವಿಮಾನ, ರಾತ್ರಿ ಬಸ್ಸು, ಹಗಲು ರೈಲು

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಅಮ್ಮ ಇರುವುದು ಮಂಗಳೂರಿನ ಪಡೀಲಿನಲ್ಲಿ. ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗಲೇಬೇಕು. ಮೂರೂ ದಾರಿಯಲ್ಲಿ ಹೋಗಿ ನೋಡಿದ್ದೇನೆ. ಪ್ರತಿ ಸಲವೂ ಈ ಮನೆಯ ಬೀಗ ಹಾಕಿದಾಗಿನಿಂದ ಅಮ್ಮನ ಅಂಗಳ ಮುಟ್ಟುವವರೆಗಿನ ಹೊತ್ತು ಲೆಕ್ಕ ಹಾಕಿದ್ದೇನೆ.

ಎರಡು ಊರಿನ ನಡುವೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ಹಾಸನ, ಶಿರಾಡಿ ಘಾಟಿ ಮೇಲೆ ರಸ್ತೆಯಲ್ಲಿ ಹೋದರೆ 350ರ ಆಸುಪಾಸು. ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ನನ್ನದು ಮಧ್ಯಾಹ್ನ 1.15ರ ವಿಮಾನ. ದೇವನಹಳ್ಳಿ ದೂರ, ಟ್ರಾಫಿಕ್ ಬೇರೆ, ಅದಕ್ಕೇ 10ಕ್ಕೆ ಮನೆ ಬಿಟ್ಟೆ. ಬಜ್ಪೆಯ ಗುಡ್ಡದ ಮೇಲೆ ಇಳಿದು, ಬ್ಯಾಗು ತೆಗೆದುಕೊಂಡು, ಟ್ಯಾಕ್ಸಿ ಹಿಡಿದು ಮನೆ ಸೇರಿದಾಗ 3.20. ಅಲ್ಲಿಗೆ 5 ಗಂಟೆ 20 ನಿಮಿಷ. ನಡು ಹಗಲು ಪೂರ್ತಿ ಅದಕ್ಕೇ ಹೋಯಿತು.

ರಾತ್ರಿ ಬಸ್ಸಿಗೆ 8 ಗಂಟೆ ಕಾಲು ಬೇಕಾಯಿತು. 9.45ಕ್ಕೆ ಮನೆ ಬಿಟ್ಟು, ಮೆಜೆಸ್ಟಿಕ್‌ನಲ್ಲಿ 10.30ಕ್ಕೆ ಹತ್ತಿದೆ. ಸಕಲೇಶಪುರ ದಾಟಿದ ಮೇಲೆ ತಿರುವುಗಳಲ್ಲಿ ಮೈ ಆ ಕಡೆ ಈ ಕಡೆ ಹೊರಳುತ್ತದೆ, ಕಿವಿ ಕಟ್ಟುತ್ತದೆ. ಉಪ್ಪಿನಂಗಡಿ ಹೊತ್ತಿಗೆ ಕಂಬಳಿ ಸರಿಸುವಷ್ಟು ಸೆಕೆ. ಊರು ಹತ್ತಿರ ಬಂತು ಅಂತ ನನಗೆ ಗೊತ್ತಾಗುವುದೇ ಆ ಸೆಕೆಯಿಂದ. ಬಸ್ಸು ಪಡೀಲಿನ ಮೇಲೇ ಹೋಗುವುದರಿಂದ ಪೇಟೆಗೆ ಹೋಗಿ ವಾಪಸ್ ಬರುವ ಕೆಲಸವಿಲ್ಲ. ಬೆಳಿಗ್ಗೆ 6ಕ್ಕೆ ಅಮ್ಮ ಕಾಫಿಗೆ ನೀರಿಟ್ಟಿದ್ದರು. ನನ್ನ ಹಗಲು ಒಂದು ನಿಮಿಷವೂ ಖರ್ಚಾಗಿರಲಿಲ್ಲ. ಒಬ್ಬನೇ ಹೋಗುವುದಾದರೆ ನನ್ನ ಆಯ್ಕೆ ಇದೇ.

ಆದರೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು ಅಂತ ಬೆಳಿಗ್ಗೆ 9ಕ್ಕೆ ಫೋನ್ ಬಂದ ದಿನ ರಾತ್ರಿಯವರೆಗೆ ಕಾಯುವುದು ಹೇಗೆ? ಆ 3.20ರ ಲೆಕ್ಕ ಅವತ್ತಿನದೇ. ಅಮ್ಮನ ಪಕ್ಕ ಕೂತಾಗ ಟಿಕೆಟ್‌ಗೆ ಕೊಟ್ಟ ದುಡ್ಡು ಜಾಸ್ತಿ ಅನಿಸಲೇ ಇಲ್ಲ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೂ ವಿಮಾನವೇ ಗತಿ.

ಯಶವಂತಪುರದಿಂದ ಬೆಳಿಗ್ಗೆ 7ಕ್ಕೆ ಹೊರಡುವ ರೈಲು ಮನೆಯಿಂದ ಮನೆಗೆ 11 ಗಂಟೆಗೂ ಜಾಸ್ತಿ ತೆಗೆದುಕೊಂಡಿತು. ಸಕಲೇಶಪುರದಲ್ಲಿ ಬ್ರೇಕ್ ಪರೀಕ್ಷೆಗೆ ನಿಲ್ಲುತ್ತದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತದೆ. ಸುರಂಗದ ಕತ್ತಲಲ್ಲಿ ಬೋಗಿಯ ಮಕ್ಕಳೆಲ್ಲ ಕೂಗುತ್ತಾರೆ. ಹೊರಗೆ ಬಂದ ಕೂಡಲೇ ಕಿಟಕಿ ತುಂಬಾ ಹಸಿರು, ಕೆಳಗೆ ಹೊಳೆ, ಮುಖಕ್ಕೆ ಒದ್ದೆ ಗಾಳಿ. ಈ ದಾರಿಯಲ್ಲಿ 2021ರಿಂದ ಗಾಜಿನ ಬೋಗಿಯೂ ಇದೆ. ನನಗಂತೂ ಕಿಟಕಿ ತೆರೆಯುವ ಸೀಟೇ ಇಷ್ಟ. ಮಂಗಳೂರು ಜಂಕ್ಷನ್ ಪಡೀಲಿನಲ್ಲೇ ಇರುವುದರಿಂದ ಇಳಿದ ಮೇಲೆ ಆಟೋದಲ್ಲಿ ಐದೇ ನಿಮಿಷ.

ಅಮ್ಮನ ಕಾಲು ಈಗ ಸರಿಹೋಗಿದೆ. ಮುಂದಿನ ವಾರ ಬೆಂಗಳೂರಿಗೆ ಕರೆದುಕೊಂಡು ಬರುತ್ತಿದ್ದೇನೆ. ಬಸ್ಸಿನಲ್ಲಿ ಕಾಲು ಚಾಚಲು ಕಷ್ಟ, ವಿಮಾನ ನಿಲ್ದಾಣದಲ್ಲಿ ನಡೆಯುವುದು ಜಾಸ್ತಿ. ಹಾಗಾಗಿ ಹಗಲು ರೈಲಿಗೇ ಟಿಕೆಟ್ ಮಾಡಿಸಿದೆ. ವಿಷಯ ಹೇಳಿದ ತಕ್ಷಣ ಅಮ್ಮ ಕೇಳಿದ್ದು ಒಂದೇ: "ಕಿಟಕಿ ಸೀಟು ಉಂಟಲ್ಲ ಮಗಾ?"