ಒಂದೇ ಕಥೆ, ಒಬ್ಬನೇ ನಿರ್ದೇಶಕ: ಯಾವ ಸಿನಿಮಾ ನೋಡೋದು?

ಒಂದಕ್ಕೇ ಪುರುಸೊತ್ತಿದ್ದರೆ 1988ರ ಡಚ್ ಚಿತ್ರ ‘ಸ್ಪೋರ್‌ಲೋಸ್’ ನೋಡಿ. 1993ರ ಹಾಲಿವುಡ್ ರೀಮೇಕ್ ‘ದಿ ವ್ಯಾನಿಷಿಂಗ್’ ಆಮೇಲೆ, ಅದೂ ಕುತೂಹಲಕ್ಕೆ. ವಿಚಿತ್ರವೆಂದರೆ ಎರಡನ್ನೂ ನಿರ್ದೇಶಿಸಿದ್ದು ಜಾರ್ಜ್ ಸ್ಲೂಯ್ಜರ್. ಬೇರೆ ಯಾರೋ ಬಂದು ಕೆಡಿಸಿದರು ಅನ್ನುವ ಹಾಗೂ ಇಲ್ಲ.

ಪ್ರವಾಸ ಹೊರಟ ಜೋಡಿ ಹೆದ್ದಾರಿಯ ಪೆಟ್ರೋಲ್ ಬಂಕ್‌ನಲ್ಲಿ ಕಾರು ನಿಲ್ಲಿಸುತ್ತದೆ. ಕುಡಿಯಲು ಏನಾದರೂ ತರ್ತೀನಿ ಅಂತ ಹೋದ ಹುಡುಗಿ ವಾಪಸ್ ಬರುವುದಿಲ್ಲ. ಮೂರು ವರ್ಷವಾದರೂ ಗೆಳೆಯ ಹುಡುಕುತ್ತಲೇ ಇರುತ್ತಾನೆ.

ಮೂಲದಲ್ಲಿ ನನ್ನನ್ನು ಅಲುಗಾಡಿಸಿದ್ದು ಖಳ. ಹೆಂಡತಿ ಮಕ್ಕಳಿರುವ ಕೆಮಿಸ್ಟ್ರಿ ಮೇಷ್ಟ್ರು. ತನ್ನ ಮೇಲೇ ಕ್ಲೋರೋಫಾರ್ಮ್ ಪ್ರಯೋಗಿಸಿ ಎಷ್ಟು ಹೊತ್ತು ಎಚ್ಚರ ತಪ್ಪುತ್ತದೆಂದು ನೋಡುತ್ತಾನೆ. ಖಾಲಿ ಸೀಟಿನಲ್ಲಿ ಹೆಂಗಸು ಕೂತಿದ್ದಾಳೆಂದುಕೊಂಡು ಅಪಹರಣದ ರಿಹರ್ಸಲ್ ಮಾಡುತ್ತಾನೆ. ನಾಡಿ ಹಿಡಿದು ಲೆಕ್ಕ ಬರೆದಿಡುತ್ತಾನೆ. ಈ ಪಾತ್ರದ ನಟ ಬರ್ನಾರ್ಡ್ ಪಿಯೆರ್ ಡೊನಾಡಿಯೂ ಇದನ್ನೆಲ್ಲ ದಿನಸಿ ಪಟ್ಟಿ ಬರೆಯುವಷ್ಟು ಸಲೀಸಾಗಿ ಮಾಡುವುದೇ ಭಯ. ರೀಮೇಕ್‌ನ ಜೆಫ್ ಬ್ರಿಡ್ಜಸ್ ಒಳ್ಳೆಯ ನಟನೇ, ಆದರೆ ಆ ಎಳೆದಾಡುವ ಮಾತು, ಹಾವಭಾವ ನೋಡಿದರೆ ಇವನ ಕಾರು ಯಾರು ತಾನೇ ಹತ್ತುತ್ತಾರೆ?

ಕ್ಲೈಮ್ಯಾಕ್ಸ್ ಬಿಟ್ಟುಕೊಡಲ್ಲ. ಮೂಲದ್ದು ಎದೆ ಮೇಲೆ ಕಲ್ಲಿಟ್ಟಂತೆ ಮುಗಿಯುತ್ತದೆ. ರೀಮೇಕ್ ಹೊಡೆದಾಟಕ್ಕಿಳಿದು ಸಮಾಧಾನ ಮಾಡಿ ಕಳಿಸುತ್ತದೆ.

ಡಚ್, ಫ್ರೆಂಚ್ ಮಾತಿಗೆ ಸಬ್‌ಟೈಟಲ್ ಓದಲು ಬೇಜಾರೇ? ಹಾಗಾದರೆ ರೀಮೇಕ್ ಇದೆ, ‘ಸ್ಪೀಡ್’ ಸಿನಿಮಾಕ್ಕೂ ಮುಂಚಿನ ಸ್ಯಾಂಡ್ರಾ ಬುಲಕ್ ಅದರಲ್ಲಿ ಕಾಣೆಯಾಗುವ ಹುಡುಗಿ.